ಪಾಂಡವಪುರದಿಂದ ಸೈಕಲ್ ಹತ್ತಿದರೆ: ತೊಣ್ಣೂರೋ, ಪಟ್ಟಣವೋ, ಕನ್ನಂಬಾಡಿಯೋ, ಮೇಲುಕೋಟೆಯೋ?

ಮೈಸೂರಿನಿಂದ ಮೇಲುಕೋಟೆಗೆ ಸೈಕಲ್ ತುಳಿಯುವವರಿಗೆ ಪಾಂಡವಪುರ ಅಂದರೆ ಇಡ್ಲಿ ತಿಂದು ಮುಂದೆ ಹೋಗುವ ಊರು. ಹೆಚ್ಚುಕಮ್ಮಿ ಅರ್ಧ ದಾರಿಗೆ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಹೋಟೆಲ್ ಗೋಡೆಗೆ ನಾಲ್ಕೈದು ತೆಳು ಚಕ್ರದ ಸೈಕಲ್‌ಗಳು ಒರಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನಗೆ ಇದೇ ಊರು. ಅವರಿಗೆ ಅರ್ಧ ದಾರಿಯಾದ ಜಾಗದಿಂದ ನನ್ನ ಸವಾರಿ ಶುರುವಾಗುತ್ತದೆ.

ಇಲ್ಲಿಂದ ಬೆಳಿಗ್ಗೆ ಹೊರಟು ಬಿಸಿಲು ಬಲಿಯುವ ಮೊದಲು ಮನೆ ಸೇರಬಹುದಾದ ನಾಲ್ಕು ದಾರಿಗಳಿವೆ. ಉತ್ತರಕ್ಕೆ ಹತ್ತಿರದಲ್ಲಿ ಕೆರೆ ತೊಣ್ಣೂರು, ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಮೇಲುಕೋಟೆ. ದಕ್ಷಿಣಕ್ಕೆ ಶ್ರೀರಂಗಪಟ್ಟಣ, ನಮ್ಮ ಬಾಯಲ್ಲಿ ಬರೀ ಪಟ್ಟಣ. ಪಶ್ಚಿಮಕ್ಕೆ ಕನ್ನಂಬಾಡಿ, ಅಂದರೆ ಕೆಆರ್‌ಎಸ್. ಹೊಸದಾಗಿ ರೋಡ್ ಬೈಕ್, ಅಂದರೆ ತೆಳು ಚಕ್ರದ ವೇಗದ ಸೈಕಲ್, ಕೊಂಡವರು ಬಂದು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವುದು ಎಷ್ಟು ಕಿಲೋಮೀಟರ್? ನಾನು ಅವರನ್ನು ತಿರುಗಿ ಕೇಳುತ್ತೇನೆ: ಎಲ್ಲಿ ಕೂರುತ್ತೀರಿ? ಎಲ್ಲಿ ನೀರು ತುಂಬಿಸಿಕೊಳ್ಳುತ್ತೀರಿ? 20 ಕಿಲೋಮೀಟರೇ ಆದರೂ ನೆರಳು, ನೀರು ಸಿಗದಿದ್ದರೆ ಕಾಲು ಸೋಲುತ್ತದೆ. 50 ಆದರೂ ನಡುವೆ ಎರಡು ಕಡೆ ಕೂತು ಹೊಟ್ಟೆಗೆ ಏನಾದರೂ ಹಾಕಿಕೊಂಡರೆ ಆರಾಮಾಗಿ ವಾಪಸ್ ಬರಬಹುದು. ಹಾಗಾಗಿ ಇಲ್ಲಿ ನಾಲ್ಕೂ ದಾರಿಗಳನ್ನು ಕೂರುವ ಜಾಗದ ಲೆಕ್ಕದಲ್ಲೇ ಅಳೆಯುತ್ತಿದ್ದೇನೆ.

ಒಂದು ಗುರುತು ಮನಸ್ಸಿನಲ್ಲಿಟ್ಟುಕೊಳ್ಳಿ. ಊರಿನ ಪಕ್ಕದಲ್ಲೇ ಕುಂತಿ ಬೆಟ್ಟವಿದೆ, ಬರೀ ಬಂಡೆಯ ಬೆಟ್ಟ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಜೊತೆಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರು. ಅದಕ್ಕೇ ಇಂಗ್ಲಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ನಮ್ಮವರು ಹಿರೋಡೆ ಎನ್ನುತ್ತಿದ್ದರು. ಯಾವ ದಾರಿಯಿಂದ ವಾಪಸ್ ಬಂದರೂ ಆ ಬಂಡೆಗಳು ಕಂಡವು ಅಂದರೆ ಮನೆ ಹತ್ತಿರವಾಯಿತು ಎಂದರ್ಥ. ಸುಸ್ತಾದ ಕಾಲಿಗೆ ಅದು ದೊಡ್ಡ ಸಮಾಧಾನ.

ಕೆರೆ ತೊಣ್ಣೂರು: ಮೊದಲ ಸಲ ಹೊರಡುವವರಿಗೆ

ಹೋಗಿ ಬರುವುದು 20 ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಏರಿಳಿತ ಇದೆ, ಆದರೆ ಇಳಿದು ತಳ್ಳುವಂಥದ್ದಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು, ಬಹಳ ವರ್ಷಗಳ ಮೇಲೆ ಸೈಕಲ್ ಮುಟ್ಟಿದವರು ಇಲ್ಲಿಂದ ಶುರು ಮಾಡಿ.

ಎರಡು ಬೆಟ್ಟಗಳ ನಡುವೆ ಕಟ್ಟೆ ಕಟ್ಟಿ ನಿಲ್ಲಿಸಿದ ಕೆರೆ ಇದು. ಏರಿಯ ಮೇಲೆ ನಿಂತರೆ ಒಂದು ಕಡೆ ತಿಳಿನೀರು, ಇನ್ನೊಂದು ಕಡೆ ಕೆಳಗೆ ತೆಂಗು, ಗದ್ದೆ, ಊರು. ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮೊದಲು ಇಲ್ಲಿ ಇದ್ದರು ಎನ್ನುತ್ತಾರೆ. ಊರೊಳಗೆ ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನವಿದೆ. ನನ್ನ ಪ್ರಕಾರ ಕೂರಲು ಸರಿಯಾದ ಜಾಗ ಆ ದೇವಸ್ಥಾನದ ಆಸುಪಾಸು. ಕೆರೆ ಏರಿಯ ಮೇಲೆ ಗಾಳಿ ಚೆನ್ನಾಗಿರುತ್ತದೆ, ಆದರೆ ನೆರಳು ಕಮ್ಮಿ. ಕಲ್ಲಿನ ಮಂಟಪದಲ್ಲಿ ಹತ್ತು ನಿಮಿಷ ಬೆನ್ನು ಒರಗಿಸಿ ಕೂತರೆ ಬೆವರು ತಾನಾಗಿ ಆರುತ್ತದೆ. ಆ ಕಲ್ಲಿನ ತಂಪೇ ಬೇರೆ.

ಇದರ ಕೊರತೆ ಊಟ ತಿಂಡಿ. ಬೆಳಿಗ್ಗೆ ಆರೂವರೆಗೆ ಹೋದರೆ ಅಂಗಡಿ ತೆರೆದಿರುತ್ತದೆ ಎಂದು ನಂಬಬೇಡಿ. ಎರಡು ಬಾಳೆಹಣ್ಣು, ಒಂದು ಕಡಲೆಮಿಠಾಯಿ ಜೇಬಿನಲ್ಲಿರಲಿ. ರಜಾದಿನ ಹೊತ್ತೇರಿದಂತೆ ಕಾರುಗಳು ಜಾಸ್ತಿಯಾಗುತ್ತವೆ, ಆಗ ಆ ಸಣ್ಣ ರಸ್ತೆಯಲ್ಲಿ ಸೈಕಲ್‌ಗೆ ಜಾಗ ಸಿಗುವುದಿಲ್ಲ. ಇನ್ನೊಂದು ಮಾತು, ದಯವಿಟ್ಟು ಕೇಳಿ: ನೀರಿಗೆ ಇಳಿಯಬೇಡಿ. ಮೇಲಿನಿಂದ ತಿಳಿಯಾಗಿ, ಆಳವಿಲ್ಲದಂತೆ ಕಾಣುತ್ತದೆ. ಇಲ್ಲಿ ಮುಳುಗಿ ಸತ್ತವರಿದ್ದಾರೆ. ಸೈಕಲ್ ಶೂ ಹಾಕಿಕೊಂಡು ಮೆಟ್ಟಿಲು ಇಳಿದರಂತೂ ಹೆಜ್ಜೆ ಜಾರುವುದು ಖಂಡಿತ.

ಶ್ರೀರಂಗಪಟ್ಟಣ: ಕಾಲಿಗೆ ಸುಲಭ, ಕಣ್ಣಿಗೆ ಕೆಲಸ

ನೆಲದ ಲೆಕ್ಕದಲ್ಲಿ ಇದರಷ್ಟು ಸುಲಭದ ದಾರಿ ಇಲ್ಲ. ಸಕ್ಕರೆ ಕಾರ್ಖಾನೆ, ರೈಲ್ವೆ ಸ್ಟೇಷನ್ ಕಡೆಯಿಂದ ಕಿರಂಗೂರಿಗೆ ಹೋಗಿ ಪಟ್ಟಣ ಸೇರಿದರೆ ಸುಮಾರು 10 ಕಿಲೋಮೀಟರ್, ಎಲ್ಲೂ ಏರು ಅನ್ನುವಂಥದ್ದಿಲ್ಲ. ಆದರೆ ಇದು ರಾಷ್ಟ್ರೀಯ ಹೆದ್ದಾರಿ, ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ. ಬಸ್ಸು, ಲಾರಿ ಎಲ್ಲ ಇದರ ಮೇಲೇ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೈಲರ್ ಎಳೆದುಕೊಂಡು ಸಾಲಾಗಿ ಬರುತ್ತವೆ. ಕಬ್ಬು ಎರಡೂ ಪಕ್ಕಕ್ಕೆ ಚಾಚಿರುತ್ತದೆ. ಮುಂದಿನ ಟ್ರೈಲರ್ ದಾಟಿತು ಅಂತ ನೀವು ಒಳಗೆ ಸರಿದರೆ ಹಿಂದಿನದು ತಾಗುತ್ತದೆ. ಎರಡೂ ಹೋಗುವ ತನಕ ಪಕ್ಕದಲ್ಲೇ ಇರಿ.

ಕಿರಂಗೂರಿನ ಹತ್ತಿರ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಸಿಗುತ್ತದೆ. ಅದರ ಮುಖ್ಯ ರಸ್ತೆಗೆ ಸೈಕಲ್ ಹತ್ತಿಸುವ ಹಾಗಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಎಲ್ಲಕ್ಕೂ ಅಲ್ಲಿ ನಿಷೇಧ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವವರೂ ಇರುತ್ತಾರೆ, ಹುಷಾರು.

ಇಷ್ಟು ಕಷ್ಟಪಟ್ಟು ಪಟ್ಟಣಕ್ಕೆ ಯಾಕೆ ಹೋಗಬೇಕು ಅಂದರೆ, ಕೂರುವ ಜಾಗಗಳಿಗಾಗಿ. ನಾಲ್ಕು ದಾರಿಗಳಲ್ಲಿ ಇಲ್ಲಿ ಸಿಗುವಷ್ಟು ನೆರಳು ಎಲ್ಲೂ ಸಿಗುವುದಿಲ್ಲ. ಊರ ತುಂಬ ಹೋಟೆಲ್, ಎಳನೀರು, ಕಬ್ಬಿನ ಹಾಲು. ಗುಂಬಜ್ ದಾಟಿ ಇನ್ನೂ ಮುಂದೆ ಸಂಗಮಕ್ಕೆ ಹೋದರೆ ಬೇರೆಯಾಗಿದ್ದ ಕಾವೇರಿಯ ಕವಲುಗಳು ಮತ್ತೆ ಕೂಡುವುದನ್ನು ನೋಡುತ್ತಾ ಕೂರಬಹುದು. ಬೆಳಗಿನ ಹೊತ್ತು ಅಲ್ಲಿ ಸದ್ದಿರುವುದಿಲ್ಲ. ಪಟ್ಟಣದಿಂದ ಇನ್ನು ಮೂರು ನಾಲ್ಕು ಕಿಲೋಮೀಟರ್ ತುಳಿಯುವ ಶಕ್ತಿ ಇದ್ದರೆ ರಂಗನತಿಟ್ಟು. 1940ರಿಂದಲೂ ಅದು ಪಕ್ಷಿಧಾಮ. ಒಳಗೆ ಹೋಗದಿದ್ದರೂ ಆ ಕಡೆಯ ರಸ್ತೆಯ ಪಕ್ಕದ ಗದ್ದೆಗಳಲ್ಲಿ ಕೊಕ್ಕರೆಗಳು ಸಾಲಾಗಿ ನಿಂತಿರುತ್ತವೆ.

ಹೆಣ್ಣುಮಕ್ಕಳು ಜೊತೆಗಿದ್ದರೆ ನಾನು ಮೊದಲು ಹೇಳುವುದು ಈ ದಾರಿಯನ್ನೇ. ಕಾರಣ ಶೌಚಾಲಯ. ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ನೆನೆದು ಎಷ್ಟೋ ಜನ ನೀರು ಕುಡಿಯುವುದನ್ನೇ ಕಮ್ಮಿ ಮಾಡುತ್ತಾರೆ, ಆಮೇಲೆ ತಲೆನೋವು, ಸುಸ್ತು. ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕ್‌ಗಳು ಸಿಗುತ್ತವೆ. ಕುಡಿಯುವ ನೀರು, ಶೌಚಾಲಯ, ಗಾಳಿ ಇಷ್ಟನ್ನೂ ಬಂಕಿನವರು ಪುಕ್ಕಟೆ ಕೊಡಬೇಕೆಂಬ ನಿಯಮವಿದೆ. ಸಂಕೋಚಪಡದೆ ಕೇಳಿ. ಗಾಳಿಗೆ ಮಾತ್ರ ಒಂದು ತೊಡಕು: ರೋಡ್ ಬೈಕಿನ ತೆಳು ಪ್ರೆಸ್ಟಾ ವಾಲ್ವಿಗೆ ಬಂಕಿನ ಪೈಪ್ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದು ಬ್ಯಾಗಿನಲ್ಲಿದ್ದರೆ ಆ ಚಿಂತೆ ಇಲ್ಲ.

ಕನ್ನಂಬಾಡಿ: ಗಾಳಿಯ ದಾರಿ

ಕೆಆರ್‌ಎಸ್‌ಗೆ ಒಂದು ಕಡೆಗೆ ಹದಿನೇಳು ಹದಿನೆಂಟು ಕಿಲೋಮೀಟರ್. ದಾರಿಯುದ್ದಕ್ಕೂ ಕಬ್ಬು, ಭತ್ತ, ತೆಂಗು. ಹಳ್ಳಿಗಳು ಹತ್ತಿರ ಹತ್ತಿರ ಇವೆ. ಹಳ್ಳಿ ಹತ್ತಿರವಾದರೆ ಟೀ ಹತ್ತಿರ, ಜೊತೆಗೆ ರಸ್ತೆ ಉಬ್ಬುಗಳೂ ಹತ್ತಿರ. ಬಣ್ಣ ಬಳಿಯದ ಉಬ್ಬು ಮರದ ನೆರಳಿನಲ್ಲಿ ಕಾಣುವುದೇ ಇಲ್ಲ. ಶಾಲೆಯೋ ದೇವಸ್ಥಾನವೋ ಕಂಡ ಕೂಡಲೇ ಬ್ರೇಕ್ ಮೇಲೆ ಬೆರಳಿಡುವುದು ನನಗೀಗ ಅಭ್ಯಾಸವಾಗಿದೆ. ಶಿವರಾತ್ರಿಯ ಆಸುಪಾಸು ಬೇಬಿ ಬೆಟ್ಟದಲ್ಲಿ ದನಗಳ ಜಾತ್ರೆ ಸೇರುತ್ತದೆ. ಆಗ ಈ ಕಡೆ ಬಂದರೆ ಸೈಕಲ್ ಒಂದು ಕಡೆ ನಿಲ್ಲಿಸಿ ಹಳ್ಳಿಕಾರ್ ಎತ್ತುಗಳನ್ನು ನೋಡಿಕೊಂಡೇ ಹೋಗಿ. ಆ ದಿನ ವೇಗದ ಲೆಕ್ಕ ಬೇಡ.

ಬೆಳಿಗ್ಗೆ ಪಶ್ಚಿಮಕ್ಕೆ ಹೋಗುವಾಗ ಸೂರ್ಯ ಬೆನ್ನಿಗಿರುತ್ತಾನೆ, ಹಿತ. ವಾಪಸ್ ಬರುವಾಗ ಕಣ್ಣಿಗೇ ಹೊಡೆಯುತ್ತಾನೆ. ಕೂಲಿಂಗ್ ಗ್ಲಾಸ್ ಇಲ್ಲದಿದ್ದರೆ ಕಷ್ಟ. ಗಾಳಿಯ ಲೆಕ್ಕ ಇದಕ್ಕೆ ಉಲ್ಟಾ. ಜೂನ್‌ನಿಂದ ಆಗಸ್ಟ್ ತನಕ ಗಾಳಿ ಬೀಸುವುದು ಪಶ್ಚಿಮದಿಂದ. ಹೋಗುವಾಗ ಎದುರು ಗಾಳಿ ತಳ್ಳುತ್ತದೆ, ಸಮತಟ್ಟು ರಸ್ತೆಯೂ ಏರಿನಂತೆ ಅನ್ನಿಸುತ್ತದೆ. ಆದರೆ ಸುಸ್ತಾಗಿ ಮರಳುವಾಗ ಅದೇ ಗಾಳಿ ಬೆನ್ನು ತಟ್ಟಿ ಕಳಿಸುತ್ತದೆ. ಮಳೆಗಾಲದಲ್ಲಿ ಮೇಲುಕೋಟೆಗಿಂತ ಕನ್ನಂಬಾಡಿಯೇ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಅಣೆಕಟ್ಟಿನ ಮೇಲೆ ಸೈಕಲ್ ಬಿಡುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. 1911ರಲ್ಲಿ ಕೆಲಸ ಶುರುವಾದ ಕಟ್ಟೆ ಇದು, ತುಂಬಿದಾಗ 124.80 ಅಡಿ. ಈ ಅಂಕಿ ಮಂಡ್ಯ ಜಿಲ್ಲೆಯ ಪ್ರತಿ ಮನೆಗೂ ಗೊತ್ತು. ಮಳೆಗಾಲದಲ್ಲಿ ಟೀ ಅಂಗಡಿಯಲ್ಲಿ ಕೂತರೆ ಪಕ್ಕದವರು ನಿಮ್ಮ ಊರು ಕೇಳುವ ಮೊದಲು 'ಇವತ್ತು ಎಷ್ಟಡಿ ಆಯ್ತಂತೆ?' ಎಂದು ಕೇಳುತ್ತಾರೆ. ಈ ದಾರಿಯಲ್ಲಿ ನನಗೆ ಇಷ್ಟವಾದ ನಿಲ್ದಾಣ ಬೃಂದಾವನ ಅಲ್ಲ, ಹಿನ್ನೀರಿನ ದಂಡೆಯ ಹೊಸಕನ್ನಂಬಾಡಿ. ಕಟ್ಟೆ ಕಟ್ಟಿದಾಗ ಮುಳುಗಿದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲುಕಲ್ಲಾಗಿ ಬಿಡಿಸಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಕಣ್ಣು ಹಾಯಿಸಿದಷ್ಟು ದೂರ ನೀರು. ನೆರಳು ಮಾತ್ರ ಕಮ್ಮಿ, ಒಂಬತ್ತು ಗಂಟೆ ಮೇಲೆ ನೆಲ ಕಾಯುತ್ತದೆ. ನೀರಿನ ಬಾಟಲಿ ಎರಡು ಇರಲಿ. ಶನಿವಾರ, ಭಾನುವಾರ ಸಂಜೆ ಕಾರಂಜಿ ನೋಡಲು ಬರುವ ವಾಹನಗಳಿಂದ ಕೆಆರ್‌ಎಸ್ ರಸ್ತೆ ತುಂಬಿಹೋಗುತ್ತದೆ, ಆ ಹೊತ್ತಿಗೆ ಹೋಗದಿದ್ದರೇ ಒಳ್ಳೆಯದು.

ಪಟ್ಟಣ ಮತ್ತು ಕನ್ನಂಬಾಡಿ ಎರಡನ್ನೂ ಸೇರಿಸಿ ಒಂದು ಸುತ್ತು ಹಾಕಬಹುದು. ಪಾಂಡವಪುರ, ಶ್ರೀರಂಗಪಟ್ಟಣ, ಪಾಲಹಳ್ಳಿ, ಬೆಳಗೊಳ, ಕೆಆರ್‌ಎಸ್, ಮತ್ತೆ ಪಾಂಡವಪುರ. 45 ಕಿಲೋಮೀಟರ್ ಆಸುಪಾಸು. ಇದನ್ನು ಪಟ್ಟಣದಿಂದಲೇ ಶುರು ಮಾಡಿ. ಹೆದ್ದಾರಿ ಭಾಗ ಲಾರಿ ಕಮ್ಮಿ ಇರುವ ಬೆಳಗಿನ ಜಾವದಲ್ಲೇ ಮುಗಿದುಹೋಗುತ್ತದೆ.

ಮೇಲುಕೋಟೆ: ಏರು, ಪುಳಿಯೋಗರೆ, ಕಲ್ಯಾಣಿ

ಒಂದು ಕಡೆಗೆ ಸುಮಾರು 25 ಕಿಲೋಮೀಟರ್. ಮೈಸೂರಿನಿಂದ ಬರುವವರಿಗೆ ಹೋಗಿ ಬರುವುದು 100 ಆಗುತ್ತದೆ, ಅದಕ್ಕೇ ಮೊದಲ 'ಶತಕ' ಹೊಡೆಯಬೇಕೆನ್ನುವವರು ಇದೇ ದಾರಿ ಹಿಡಿಯುತ್ತಾರೆ. ನಮಗೆ 50ರಲ್ಲೇ ಅದೇ ಬೆಟ್ಟ ಸಿಗುತ್ತದೆ.

ಜಕ್ಕನಹಳ್ಳಿ ತನಕ ರಸ್ತೆ ಸುಮ್ನೆ ಅಲೆಯಂತೆ ಏರಿ ಇಳಿಯುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಜೋರಾಗಿ ತುಳಿಯುವುದು. ಕಾಲು ಹೊಸದು, ಗಾಳಿ ತಂಪು, ದೂರದಲ್ಲಿ ಯೋಗಾನರಸಿಂಹನ ಬೆಟ್ಟದ ಗೋಪುರ ಕಾಣುತ್ತದೆ, ಈಗ ಮುಟ್ಟಿಬಿಡುತ್ತೇನೆ ಅನ್ನಿಸುತ್ತದೆ. ಜಕ್ಕನಹಳ್ಳಿಯಲ್ಲಿ ನಿಲ್ಲಿ. ನಿಲ್ಲಲೇಬೇಕು. ಟೀ ಕುಡಿಯಿರಿ, ಬಾಟಲಿ ತುಂಬಿಸಿಕೊಳ್ಳಿ, ಒಂದು ಬಾಳೆಹಣ್ಣು ತಿನ್ನಿ. ಮುಂದೆ ಆರೇಳು ಕಿಲೋಮೀಟರ್ ಉಳಿದಿದೆ. ಕೊನೆಯ ಎರಡು ಮೂರು ಕಿಲೋಮೀಟರಿನಲ್ಲಿ ಏರು ಜೋರಾಗುತ್ತದೆ. ಪೆಡಲ್ ಹತ್ತಿರದ ಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 32 ಹಲ್ಲಿನ ಹಗುರ ಗೇರ್ ಇದ್ದರೆ ಕೂತೇ ಹತ್ತಬಹುದು. ಗೇರಿಲ್ಲದ ಸೈಕಲ್ಲಾದರೆ ಇಳಿದು ತಳ್ಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತಿರುವಿನ ಒಳಭಾಗ ಯಾವಾಗಲೂ ಕಡಿದು. ಎಡಕ್ಕೆ ತಿರುಗುವ ಕಡೆ ಸ್ವಲ್ಪ ಹೊರಗಿನಿಂದ ಹೋದರೆ ಕಾಲಿಗೆ ಭಾರ ಕಮ್ಮಿ. ಹಾಗೆ ಹೋಗುವ ಮೊದಲು ಹಿಂದೆ ವಾಹನ ಇದೆಯಾ ಎಂದು ನೋಡಿಕೊಳ್ಳಿ.

ಸುತ್ತಲಿನ ಕುರುಚಲು ಕಾಡು 1974ರಿಂದ ವನ್ಯಜೀವಿಧಾಮ, ತೋಳಗಳನ್ನು ಉಳಿಸಲು ಮಾಡಿದ್ದು. ಏರಿನಲ್ಲಿ ಏದುಸಿರು ಬಿಡುತ್ತಾ ಹೋಗುವಾಗ ಪಕ್ಕದ ಪೊದೆಯಿಂದ ನವಿಲು ಕೂಗಿದರೆ ಎದೆ ಝಲ್ಲೆನ್ನುತ್ತದೆ. ಚಿರತೆಯೂ ಈ ಕಡೆ ಇರುವುದರಿಂದ ಕತ್ತಲಲ್ಲಿ ಹತ್ತಬೇಡಿ. ಸೂರ್ಯ ಹುಟ್ಟಿದ ಮೇಲೆಯೇ ಬೆಟ್ಟದ ಬುಡ ಮುಟ್ಟುವಂತೆ ಹೊರಡಿ.

ಮೇಲೆ ಹೋದ ಮೇಲೆ ಕಲ್ಯಾಣಿ. ಸುತ್ತ ಕಲ್ಲಿನ ಮೆಟ್ಟಿಲು, ಕಂಬಗಳ ಮಂಟಪ, ನೀರಿನಲ್ಲಿ ಬೆಟ್ಟದ ನೆರಳು. ಸೈಕಲನ್ನು ಕಂಬಕ್ಕೆ ಒರಗಿಸಿ ಕೂರಿ. ಶೂ ಬಿಚ್ಚಿ ಅಂಗಾಲನ್ನು ಆ ಕಲ್ಲಿಗೆ ಇಟ್ಟು ನೋಡಿ, ಗೊತ್ತಾಗುತ್ತದೆ. ಆಮೇಲೆ ಪುಳಿಯೋಗರೆ. ಮೇಲುಕೋಟೆ ಪುಳಿಯೋಗರೆಯ ಹೆಸರು ಎಲ್ಲರೂ ಕೇಳಿದ್ದಾರೆ. ಆದರೆ ಒಂದೂವರೆ ಗಂಟೆ ಬೆವರು ಹರಿಸಿ ಬಂದವರಿಗೆ ಅದು ಇನ್ನೂ ಚೆನ್ನಾಗಿ ದಕ್ಕುತ್ತದೆ. ಬೆವರಿನಲ್ಲಿ ಹೋದ ಉಪ್ಪು ಅದರಲ್ಲಿದೆ, ಅನ್ನದ ಬಲವಿದೆ, ಹುಳಿಗೆ ಬಾಯಿ ತೆರೆದುಕೊಳ್ಳುತ್ತದೆ. ಜೊತೆಗೆ ಒಂದು ಸಣ್ಣ ಸಕ್ಕರೆ ಪೊಂಗಲ್. ಹೊಟ್ಟೆ ತುಂಬ ತಿನ್ನಬೇಡಿ, ಇಳಿಯುವಾಗ ಬಗ್ಗಿ ಕೂರಬೇಕು. ಕೋತಿಗಳಿವೆ. ಹ್ಯಾಂಡಲ್ ಬ್ಯಾಗಿನಲ್ಲಿ ಹಣ್ಣು ಬಿಟ್ಟು ಆ ಕಡೆ ತಿರುಗಿದರೆ ಅದು ನಿಮ್ಮದಲ್ಲ.

ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ. ಒತ್ತಿ, ಬಿಡಿ, ಮತ್ತೆ ಒತ್ತಿ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕಾದರೆ ರಿಮ್ ಕಾದು ಬಿಸಿಯಾಗುತ್ತದೆ. ಬಸ್ಸು ತಿರುವಿನಲ್ಲಿ ನಿಮ್ಮ ಕಡೆಗೇ ಬರುತ್ತದೆ ಎಂದುಕೊಂಡೇ ಇಳಿಯಿರಿ. ಮಾರ್ಚ್–ಏಪ್ರಿಲ್ ಹೊತ್ತಿಗೆ ಬರುವ ವೈರಮುಡಿ ಉತ್ಸವದ ದಿನಗಳಲ್ಲಿ ರಸ್ತೆ ಜನರದ್ದು, ಸೈಕಲ್ ಬೇಡ.

ನಾಲೆ ಏರಿಯ ಬಗ್ಗೆ

ವಿಶ್ವೇಶ್ವರಯ್ಯ ನಾಲೆಯ ಪಕ್ಕದ ರಸ್ತೆಗಳನ್ನು ಫೋಟೋದಲ್ಲಿ ನೋಡಿದರೆ ಅಲ್ಲೇ ಹೋಗಬೇಕು ಅನ್ನಿಸುತ್ತದೆ. ಸಮತಟ್ಟು, ವಾಹನ ಕಮ್ಮಿ, ಪಕ್ಕದಲ್ಲಿ ಹರಿಯುವ ನೀರು. ಆದರೂ ಹೊಸಬರಿಗೆ ನಾನು ಹೇಳುವುದಿಲ್ಲ. ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದರಲ್ಲಿ ಮಕ್ಕಳೂ ಇದ್ದರು. ಆ ದಿನವನ್ನು ಈ ಭಾಗದವರು ಯಾರೂ ಮರೆತಿಲ್ಲ. ಹೋಗಲೇಬೇಕೆಂದರೆ ಹಗಲಲ್ಲಿ, ಒಬ್ಬರ ಹಿಂದೆ ಒಬ್ಬರು, ನೀರಿನಿಂದ ದೂರದ ಬದಿಯಲ್ಲಿ.

ಯಾವ ತಿಂಗಳಲ್ಲಿ ಯಾವುದು

ಡಿಸೆಂಬರ್, ಜನವರಿ ಸವಾರಿಗೆ ಒಳ್ಳೆಯ ತಿಂಗಳು. ಚಳಿ ಹಿತ, ಆಲೆಮನೆಗಳಲ್ಲಿ ಬೆಲ್ಲದ ಕೊಪ್ಪರಿಗೆ ಕುದಿಯುವ ವಾಸನೆ ರಸ್ತೆ ತನಕ ಬರುತ್ತದೆ. ನಿಂತು ಕೇಳಿದರೆ ಬಿಸಿ ಬೆಲ್ಲ ಒಂದು ತುಂಡು ಕೈಗಿಡುತ್ತಾರೆ. ಆದರೆ ಅದೇ ಸಮಯಕ್ಕೆ ರಾಗಿ, ಹುರುಳಿ ಒಕ್ಕಣೆ. ಕಣ ಇಲ್ಲದವರು ರಸ್ತೆಯ ಮೇಲೇ ಹಾಸುತ್ತಾರೆ, ವಾಹನ ಹಾಯ್ದರೆ ಕಾಳು ಉದುರುತ್ತದೆ.

ಒಂದು ಡಿಸೆಂಬರಿನಲ್ಲಿ ಜಕ್ಕನಹಳ್ಳಿ ಕಡೆಯಿಂದ ವಾಪಸ್ ಬರುತ್ತಿದ್ದೆ. ರಸ್ತೆಗೆ ಅಡ್ಡಲಾಗಿ ಹುರುಳಿ ಹಾಸಿತ್ತು. ಹತ್ತು ಮಾರು ತಾನೇ, ದಾಟಿಬಿಡೋಣ ಎಂದು ನುಗ್ಗಿದೆ. ಬಳ್ಳಿ ಚೈನಿಗೆ ಸುತ್ತಿಕೊಂಡು ಹಿಂದಿನ ಗೇರಿನ ಪುಟ್ಟ ಚಕ್ರಗಳೊಳಗೆ ತುಂಬಿಕೊಂಡಿತು. ಪೆಡಲ್ ಅಲ್ಲಾಡಲಿಲ್ಲ. ಇಳಿದು ಎಳೆಯಲು ಹೋದೆ. ಪಕ್ಕದಲ್ಲಿ ಹೊಟ್ಟು ತೂರುತ್ತಿದ್ದ ಅಜ್ಜಿಯೊಬ್ಬರು ಬಂದರು. 'ತಡಿ ಮಗಾ, ಎಳೀಬ್ಯಾಡ, ಗಂಟಾಯ್ತದೆ' ಅಂದರು. ಕುಡುಗೋಲಿನ ಮೊನೆಯಿಂದ ಒಂದೊಂದೇ ಎಳೆ ಕೊಯ್ದು, ಬೆರಳಿನಿಂದ ಹೊರಗೆ ತೆಗೆದರು. ಬೆರಳೆಲ್ಲ ಚೈನಿನ ಮಸಿ. 'ಹೊಟ್ಟೆಗೇನಾರ ತಿಂದ್ಯಾ?' ಎಂದು ಕೇಳಿದರು. 'ತಿಂದೆ ಕಣಜ್ಜಿ' ಅಂದರೂ ಬಿಡದೆ ಬಿಂದಿಗೆಯ ನೀರು ಕೊಟ್ಟರು. ಅಂದಿನಿಂದ ಒಕ್ಕಣೆ ಕಂಡರೆ ಇಳಿದು, ಸೈಕಲನ್ನು ಹೆಗಲಿಗೆ ಹಾಕಿಕೊಂಡು ಅಂಚಿನಲ್ಲಿ ನಡೆಯುತ್ತೇನೆ. ಅವರ ಕಾಳು ನನ್ನ ಚಕ್ರಕ್ಕೆ ಸಿಕ್ಕಿ ಚೆಲ್ಲುವುದೂ ತಪ್ಪುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ತೊಣ್ಣೂರು ಸಾಕು, ಎಂಟೂವರೆಗೆ ಮನೆಯಲ್ಲಿರಿ. ಮಳೆಗಾಲಕ್ಕೆ ಕನ್ನಂಬಾಡಿ. ಅಕ್ಟೋಬರ್, ನವೆಂಬರಿನಲ್ಲಿ ಮೇಲುಕೋಟೆ: ಬೆಟ್ಟ ಹಸಿರಾಗಿರುತ್ತದೆ, ಒಕ್ಕಣೆ ಇನ್ನೂ ರಸ್ತೆಗೆ ಬಂದಿರುವುದಿಲ್ಲ. ಜಾಲಿ ಮುಳ್ಳು ಮಾತ್ರ ವರ್ಷಪೂರ್ತಿ ಇರುತ್ತದೆ. 28 ಮಿಲಿಮೀಟರಿನ ಟೈರ್ ಹಾಕಿಸಿ, ಎರಡು ಟ್ಯೂಬ್, ಒಂದು ಪಂಪ್ ಜೊತೆಗಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಯವರು ಮನಸ್ಸಿಟ್ಟು ಕೆಲಸ ಮಾಡುತ್ತಾರೆ, ಆದರೆ ತೆಳು ಟ್ಯೂಬ್ ಅವರ ಹತ್ತಿರ ಸಿಗುವುದಿಲ್ಲ.

ಈ ಭಾನುವಾರ ನನ್ನ ಜೊತೆ ತಂಗಿಯ ಮಗ ಬರುತ್ತಾನೆ, ಹನ್ನೆರಡು ವರ್ಷ, ಹೊಸ ಗೇರ್ ಸೈಕಲ್. ಅವನು ಮೇಲುಕೋಟೆ ಎಂದು ಹಟ ಹಿಡಿದಿದ್ದಾನೆ. ತೊಣ್ಣೂರಿನ ಮಂಟಪದಲ್ಲಿ ಕೂತು ಅವನಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತಿನ್ನೋಣ, ಕಾಲಿನಲ್ಲಿ ಇನ್ನೂ ಕಸುವಿದ್ದರೆ ಜಕ್ಕನಹಳ್ಳಿ ಟೀ ಅಂಗಡಿ ತನಕ ಹೋಗಿ ಬೆಟ್ಟ ನೋಡಿ ಬರೋಣ ಅಂತ ಒಪ್ಪಿಸಿದ್ದೇನೆ. ಹೊರಡುವುದು ಆರು ಗಂಟೆಗೆ.